ಹಿಡಿತ ಸಡಿಲವಾದರೆ ಮೊದಲು ವೋಲ್ಟೇಜ್ ಏರಿಸಬೇಡಿ

ಹಲ್ಲಿಯ ಪಾದವನ್ನು ನೋಡಿ ರೂಪಿಸಿದ ಒಣ ಅಂಟಿಗೆ ಸ್ಥಿರ ವಿದ್ಯುತ್ತಿನ ಸೆಳೆತವನ್ನೂ ಸೇರಿಸಿದ ಗ್ರಿಪ್ಪರ್ (ವಸ್ತುವನ್ನು ಹಿಡಿದೆತ್ತುವ ಸಾಧನ) ಬೇಕೆಂದು ಬರುವವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಎಷ್ಟು ವೋಲ್ಟೇಜ್ ಕೊಟ್ಟರೆ ಎಷ್ಟು ಕಿಲೋ ಎತ್ತುತ್ತದೆ? ಹಾಗೆ ಹೇಳಲಾಗದು ಎಂದರೆ ನಾನು ಏನನ್ನೋ ಮುಚ್ಚಿಡುತ್ತಿದ್ದೇನೆ ಎಂದು ತಿಳಿಯುತ್ತಾರೆ.

ಗಾಳಿ ಮಿಲಿಮೀಟರಿಗೆ ಸುಮಾರು 3,000 ವೋಲ್ಟ್‌ವರೆಗೆ ಕಿಡಿ ಹಾರದಂತೆ ತಾಳಿಕೊಳ್ಳುತ್ತದೆ. ಅಷ್ಟು ವಿದ್ಯುತ್ ಕ್ಷೇತ್ರದಿಂದ ದೊರೆಯುವ ಸೆಳೆತ ಚದರ ಸೆಂಟಿಮೀಟರಿಗೆ ಅರ್ಧ ಗ್ರಾಂ ತೂಕಕ್ಕೂ ಸಾಲದು. ಪ್ಯಾಡಿಗೂ ಮೇಲ್ಮೈಗೂ ನಡುವಿನ ಅಂತರ ಮೈಕ್ರೋಮೀಟರುಗಳಿಗೆ ಇಳಿದು ನಡುವೆ ಒಳ್ಳೆಯ ನಿರೋಧಕ ಪದರವಿದ್ದರೆ ಈ ಸೆಳೆತ ಬಹಳಷ್ಟು ಹೆಚ್ಚುತ್ತದೆ, ನಿಜ. ಆದರೂ ನಯವಾದ ಮೇಲ್ಮೈಯಲ್ಲಿ ಭಾರವನ್ನು ಮುಖ್ಯವಾಗಿ ಹೊರುವುದು ಸಿಲಿಕೋನ್ ರಬ್ಬರಿನ ಸೂಕ್ಷ್ಮ ರೋಮಗಳ ವಾನ್ ಡರ್ ವಾಲ್ಸ್ ಬಲ, ಅಂದರೆ ತೀರ ಹತ್ತಿರ ಬಂದ ಅಣುಗಳ ನಡುವಿನ ಸೆಳೆತ, ಮತ್ತು ಅದು ಕೆಲವೇ ನ್ಯಾನೊಮೀಟರುಗಳಾಚೆ ಇಲ್ಲವೆನ್ನುವಷ್ಟು ಕುಗ್ಗುತ್ತದೆ. ಮುಟ್ಟದ ರೋಮ ಹಿಡಿಯುವುದಿಲ್ಲ. ವಿದ್ಯುತ್ತಿನ ಕೆಲಸ, ಮೊಬೈಲಿಗೆ ಸ್ಕ್ರೀನ್ ಗಾರ್ಡ್ ಹಾಕುವಾಗ ಗುಳ್ಳೆಗಳನ್ನು ಒತ್ತಿ ಸರಿಸುವ ಕಾರ್ಡಿನದು. ಅದು ಇನ್ನಷ್ಟು ರೋಮಗಳನ್ನು ಮೇಲ್ಮೈಗೆ ಮುಟ್ಟಿಸುತ್ತದೆ, ಮುಟ್ಟಿದ ರೋಮಗಳು ಪ್ಯಾಡಿನೊಳಗೆ ವೋಲ್ಟೇಜ್ ಹೊತ್ತ ವಿದ್ಯುದ್ವಾರಗಳನ್ನು ಮೇಲ್ಮೈಯ ಹತ್ತಿರಕ್ಕೆಳೆಯುತ್ತವೆ, ಹತ್ತಿರವಾದಷ್ಟೂ ಸೆಳೆತ ಬಲಿಯುತ್ತದೆ. ಎರಡೂ ಕೂಡಿದಾಗಿನ ಹಿಡಿತ, ಮೇಲ್ಮೈಗೆ ಅನುಗುಣವಾಗಿ, ಬಿಡಿಬಿಡಿ ಹಿಡಿತಗಳ ಮೊತ್ತವನ್ನು ಅನೇಕ ವೇಳೆ ಮೀರುತ್ತದೆಂದು ಅಮೆರಿಕದ ಸಂಶೋಧಕರಾದ ರಫಾಟೊ, ಪಾರ್ನೆಸ್ ಮತ್ತು ಸ್ಪೆಂಕೊ 2014ರಲ್ಲಿ ವರದಿ ಮಾಡಿದ್ದು ಈ ಕಾರಣಕ್ಕೇ. ಆದ್ದರಿಂದಲೇ ಎರಡು ಸಂಖ್ಯೆಗಳನ್ನು ಕೂಡಿಸಿ ಉತ್ತರ ಹೇಳಲು ನನಗಾಗುವುದಿಲ್ಲ.

ಗಾಜಿನ ಹಲಗೆಗಳನ್ನು ಸಾಗಿಸುವ ಕಾರ್ಖಾನೆಯ ಹಿರಿಯರೊಬ್ಬರು, ಎಷ್ಟು ಹೇಳಿದರೂ ಕೇಳದೆ, ಹಿಡಿತ ಜಾರಿದಾಗಲೆಲ್ಲ ವೋಲ್ಟೇಜ್ ಏರಿಸಿ, ಕೊನೆಗೆ ನಿರೋಧಕ ಪದರದಲ್ಲಿ ಸಾಸಿವೆಗಿಂತ ಚಿಕ್ಕದಾದ ಕಪ್ಪು ತೂತು ಸುಟ್ಟುಕೊಂಡು ಬಂದರು. ಹೊಸ ಪ್ಯಾಡ್ ಅಂಟಿಸಿ, ಗಾಜಿನ ಹಿಂಬದಿಯಿಂದ ಓರೆಯಾಗಿ ಟಾರ್ಚ್ ಹಿಡಿದು ತೋರಿಸಿದೆ: ತಾಗಿದ ಜಾಗ ಗಾಢವಾಗಿ, ತಾಗದ ಜಾಗ ಬೆಳ್ಳಗೆ ಮಿನುಗುತ್ತ ಕಾಣುತ್ತಿತ್ತು. ಬೆಳ್ಳಗಿನ ಮಚ್ಚೆಯೊಂದರ ನಡುವೆ ಒರೆಸುವ ಬಟ್ಟೆಯ ಎಳೆಯ ಚೂರೊಂದಿತ್ತು. ಸೆಲ್ಲೋಟೇಪಿನಿಂದ ಅದನ್ನು ಎತ್ತಿ ತೆಗೆದ ಮೇಲೆ, ಮೊದಲಿಗಿಂತ ಕಡಿಮೆ ವೋಲ್ಟೇಜಿನಲ್ಲೇ ಹಲಗೆ ನಿಂತಿತು. ಅವರು ನಕ್ಕು, “ಇದಕ್ಕೆ ನಿಮ್ಮ ಹತ್ತಿರ ಬರಬೇಕಿತ್ತೇ ಸರ್!” ಎಂದರು; ಅಂಥವರ ಮೇಲೆ ಸಿಟ್ಟು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ತೇವವಿದ್ದ ಗಾಜಿನಲ್ಲಿ ವಿದ್ಯುದಂಶ ಮೇಲ್ಮೈಗುಂಟ ಸೋರುವುದರಿಂದ, ಮಳೆಗಾಲದ ಪರೀಕ್ಷೆಯನ್ನು ಬೇಸಿಗೆಯದಕ್ಕೆ ಹೋಲಿಸುವಾಗ ಎಚ್ಚರ ಬೇಕು. ಸ್ವಿಚ್ ಆರಿಸಿದೊಡನೆ ಹಿಡಿತ ಬಿಡುತ್ತದೆಂದೂ ನಾನು ಭರವಸೆ ಕೊಡುವುದಿಲ್ಲ: ಪದರದಲ್ಲಿ ಉಳಿದ ವಿದ್ಯುದಂಶ ಇಳಿಯಲು ಸಮಯ ಹಿಡಿಯುತ್ತದೆ, ರೋಮಗಳನ್ನೂ ಎಳೆದ ದಿಕ್ಕಿಗೆ ವಿರುದ್ಧವಾಗಿ ಸರಿಸಿಯೇ ಬಿಡಿಸಬೇಕು.