ಸೆಕೆಂಡಿಗೆ 4.76 ಸೆಂಟಿಮೀಟರ್

ಹಳೆಯ ಕ್ಯಾಸೆಟ್ಟೊಂದನ್ನು ಕೈಗೆ ತೆಗೆದುಕೊಂಡು, ರೀಲು ಹೊರಗೆ ಕಾಣುವ ಅಂಚನ್ನು ನೋಡಿ. ಕಂದು ಪಟ್ಟಿಯ ಹಿಂದೆ, ಸರಿಯಾಗಿ ನಡುಮಧ್ಯೆ, ತಾಮ್ರಬಣ್ಣದ ತೆಳು ಸ್ಪ್ರಿಂಗ್ ಒಂದಿದೆ. ಅದಕ್ಕೆ ಅಂಟಿಕೊಂಡಿರುವುದು ಅಕ್ಕಿಕಾಳಿಗಿಂತ ಒಂದಿಷ್ಟೇ ದೊಡ್ಡದಾದ ಫೆಲ್ಟ್ ತುಂಡು. ಪ್ಲೇ ಗುಂಡಿ ಒತ್ತಿದಾಗ ಟೇಪ್ ರೆಕಾರ್ಡರಿನ ಹೆಡ್, ಅಂದರೆ ರೀಲಿನಿಂದ ಸದ್ದನ್ನು ಓದುವ ಭಾಗ, ಮುಂದೆ ಬಂದು ರೀಲಿಗೆ ತಾಗುತ್ತದೆ. ಹಿಂದಿನಿಂದ ಈ ಮೆತ್ತೆ ರೀಲನ್ನು ಹೆಡ್‌ಗೆ ಒತ್ತಿ ಹಿಡಿಯುತ್ತದೆ. ಆ ತುಂಡು ಕಳಚಿ ಬಿದ್ದರೆ ಹಾಡು ಕೇಳುತ್ತದೆ, ಆದರೆ ಕಂಬಳಿ ಹೊದೆಸಿದ ಹಾಗೆ ಮಂಕಾಗಿ ಕೇಳುತ್ತದೆ. ಹಳೆಯ ಕ್ಯಾಸೆಟ್ಟು ‘ಹಾಳಾಗಿದೆ’ ಎಂದು ಎಸೆಯುವ ಮುನ್ನ ನೋಡಬೇಕಾದ ಮೊದಲ ಜಾಗ ಇದು.

ಕ್ಯಾಸೆಟ್ಟಿನ ಎರಡು ಹಲ್ಲಿನ ಚಕ್ರಗಳೇ ರೀಲನ್ನು ಎಳೆಯುತ್ತವೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಿದ್ದಿದ್ದರೆ ಹಾಡು ಹೋಗುತ್ತಾ ಹೋಗುತ್ತಾ ಓಟ ಹೆಚ್ಚಿಸಿಕೊಳ್ಳುತ್ತಿತ್ತು. ಸುತ್ತಿಕೊಳ್ಳುವ ಕಡೆಯ ಉಂಡೆ ದಪ್ಪವಾದಂತೆಲ್ಲ ಒಂದು ಸುತ್ತಿಗೆ ಎಳೆಯುವ ರೀಲಿನ ಉದ್ದವೂ ಹೆಚ್ಚುತ್ತದಲ್ಲ! ನಿಜವಾಗಿ ಎಳೆಯುವುದು ಕ್ಯಾಪ್‌ಸ್ಟನ್ ಎಂಬ ನುಣುಪಾದ ಉಕ್ಕಿನ ಕಡ್ಡಿ. ಪಿಂಚ್ ರೋಲರ್ ಎಂಬ ರಬ್ಬರ್ ಗಾಲಿ ರೀಲನ್ನು ಆ ಕಡ್ಡಿಗೆ ಅದುಮಿ ಹಿಡಿಯುತ್ತದೆ. ಕಡ್ಡಿ ತಿರುಗಿದಂತೆ ರೀಲು ಸರಿಯುತ್ತದೆ. ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. ಕಡ್ಡಿಯ ದಪ್ಪ 2 ಮಿಲಿಮೀಟರ್ ಇದ್ದರೆ ಅದು ನಿಮಿಷಕ್ಕೆ ಸುಮಾರು 455 ಸುತ್ತು ತಿರುಗಬೇಕು, ಆರಂಭದಿಂದ ಕೊನೆಯವರೆಗೂ ಅಷ್ಟೇ. ಈ ಓಟದಲ್ಲಿ ಶೇ 6ರಷ್ಟು ಹೆಚ್ಚಾದರೆ ಶ್ರುತಿ ಅರ್ಧ ಸ್ವರ ಏರುತ್ತದೆ: ಯಕ್ಷಗಾನದ ಭಾಗವತರು ಹಾರ್ಮೋನಿಯಂನ ಬಿಳಿ ಎರಡರಲ್ಲಿ ಹಾಡಿದ ಪದ ಕಪ್ಪು ಎರಡರಲ್ಲಿ ಕೇಳುತ್ತದೆ. ಜೇಬಿನಲ್ಲಿ ಸಂಗೀತ ಒಯ್ಯುವ ಯಂತ್ರಗಳ ಇಡೀ ಚರಿತ್ರೆಯನ್ನು ಈ ಒಂದು ಪ್ರಶ್ನೆಯ ಸುತ್ತ ಹೇಳಬಹುದು. ಅಲುಗಾಡುವ ಕೈಯಲ್ಲಿ ಅಲುಗದ ವೇಗವನ್ನು ತರುವುದು ಹೇಗೆ?

ಫಿಲಿಪ್ಸ್ ಕಂಪನಿಯ ಬೆಲ್ಜಿಯಂನ ಹಾಸೆಲ್ಟ್ ಘಟಕದಲ್ಲಿ ಲೂ ಒಟ್ಟೆನ್ಸ್ ಅವರ ತಂಡ ಕ್ಯಾಸೆಟ್ಟನ್ನು ರೂಪಿಸಿತು. ಯಂತ್ರ ಎಷ್ಟು ದೊಡ್ಡದಿರಬೇಕೆಂದು ತೀರ್ಮಾನಿಸಲು ಒಟ್ಟೆನ್ಸ್ ತಮ್ಮ ಕೋಟಿನ ಜೇಬಿಗೆ ಹಿಡಿಸುವಂಥ ಮರದ ತುಂಡೊಂದನ್ನು ಅಳತೆಗೆ ಇಟ್ಟುಕೊಂಡಿದ್ದರು. 1963ರಲ್ಲಿ ಬರ್ಲಿನ್ನಿನ ರೇಡಿಯೊ ಪ್ರದರ್ಶನದಲ್ಲಿ ಕ್ಯಾಸೆಟ್ಟು ಹೊರಬಂತು. ಪಟ್ಟಿಯ ಅಗಲ 3.81 ಮಿಲಿಮೀಟರ್. ಬಳಿಕ ಫಿಲಿಪ್ಸ್ ಇದರ ಹಕ್ಕನ್ನು ಬೇರೆ ತಯಾರಕರಿಗೆ ಶುಲ್ಕವಿಲ್ಲದೆ ಬಿಟ್ಟುಕೊಟ್ಟಿತು. ಒಂದು ಊರಿನಲ್ಲಿ ತುಂಬಿಸಿದ ಕ್ಯಾಸೆಟ್ಟು ಇನ್ನೊಂದು ಊರಿನ ಯಾವ ಯಂತ್ರದಲ್ಲಾದರೂ ಹಾಡಿದ್ದು ಆ ಒಂದು ನಿರ್ಧಾರದಿಂದ.

ನಿಧಾನದ ಓಟಕ್ಕೆ ಬೆಲೆ ತೆರಬೇಕಿತ್ತು. ಸ್ಟುಡಿಯೊಗಳ ದೊಡ್ಡ ಟೇಪುಗಳು ಸೆಕೆಂಡಿಗೆ 19 ಅಥವಾ 38 ಸೆಂಟಿಮೀಟರ್ ಓಡುತ್ತಿದ್ದವು. ಕ್ಯಾಸೆಟ್ಟಿನ ವೇಗದಲ್ಲಿ 10,000 ಹರ್ಟ್ಸ್‌ನ ಒಂದು ಅಲೆ ಟೇಪಿನ ಮೇಲೆ ಹಿಡಿಯುವ ಜಾಗ 4.76 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಮೈಕ್ರಾನ್), ಅಂದರೆ ಒಂದು ಮಿಲಿಮೀಟರಿನಲ್ಲಿ 210 ಅಲೆಗಳು! ಹೆಡ್ಡಿಗೂ ಟೇಪಿಗೂ ನಡುವೆ ಸಿಗರೇಟ್ ಹೊಗೆಯ ಕಣ ಕೂತರೂ ಮೇಲಿನ ಸ್ವರಗಳು ಮಂಕು. ಅಗಲ ಕಡಿಮೆಯಾದ್ದರಿಂದ ‘ಸ್ಸ್’ ಎಂಬ ಹಿನ್ನೆಲೆಯ ಸದ್ದು ಬೇರೆ. ಮೊದಲಿಗೆ ಇದನ್ನು ಮಾತು ದಾಖಲಿಸುವ ಸಾಧನವೆಂದೇ ಜನ ನೋಡಿದ್ದರು. ಡಾಲ್ಬಿ ಬಿ ಎಂಬ ವಿದ್ಯುನ್ಮಂಡಲ ಆ ಸದ್ದನ್ನು ಸುಮಾರು 10 ಡೆಸಿಬೆಲ್ ತಗ್ಗಿಸಿತು, ಕ್ರೋಮ್ ಟೇಪು ಬಂತು, ಹೆಡ್‌ಗಳು ಸುಧಾರಿಸಿದವು. ಆಮೇಲೆ ಸಂಗೀತ ಇದರೊಳಗೆ ಬಂದು ನೆಲೆಸಿತು.

ನಮ್ಮಲ್ಲಿ ಅದು ಮನೆ ಹೊಕ್ಕಿದ್ದು ಟೂ-ಇನ್-ಒನ್ ರೂಪದಲ್ಲಿ, ರೇಡಿಯೊ ಮತ್ತು ಟೇಪ್ ಒಂದೇ ಪೆಟ್ಟಿಗೆಯಲ್ಲಿ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳು ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ಕ್ಯಾಸೆಟ್ಟಾಗಿ ಬಂದವು. ಭಾವಗೀತೆಗೆ ರೇಡಿಯೊದ ಸಮಯ ಕಾಯುವ ಹಂಗು ತಪ್ಪಿತು. ಕರಾವಳಿಯಲ್ಲಿ ಯಕ್ಷಗಾನ, ತಾಳಮದ್ದಳೆಯ ಆಸಕ್ತರು ತಮ್ಮದೇ ಯಂತ್ರವನ್ನು ರಂಗದ ಹತ್ತಿರ ಇಟ್ಟು ಆಟವನ್ನೇ ತುಂಬಿಕೊಂಡರು. ಬೆಳಗಿನವರೆಗಿನ ಒಂದು ಆಟಕ್ಕೆ ಎರಡು ಮಗ್ಗುಲು ಸೇರಿ 90 ನಿಮಿಷ ಓಡುವ ಸಿ-90 ಕ್ಯಾಸೆಟ್ಟು ಆರೇಳು ಬೇಕು. ಇಂಥ ಖಾಸಗಿ ದಾಖಲೆಗಳಿಗೆ ಎರಡನೇ ಪ್ರತಿ ಇಲ್ಲ. ಅವುಗಳ ಬಗ್ಗೆ ಕೊನೆಗೆ ಬರೋಣ.

ಮೇಜಿನ ಮೇಲಿನ ಟೂ-ಇನ್-ಒನ್‌ಗೆ ವೇಗ ಕಾಯುವುದು ಸುಲಭ. ಪುಟ್ಟ ಮೋಟಾರು, ರಬ್ಬರ್ ಬೆಲ್ಟು, ಕ್ಯಾಪ್‌ಸ್ಟನ್ನಿನ ಬುಡಕ್ಕೆ ಭಾರದ ಫ್ಲೈವೀಲ್. ಮೋಟಾರಿನ ಚಿಕ್ಕಪುಟ್ಟ ತಡವರಿಕೆಗಳನ್ನೆಲ್ಲ ಈ ಭಾರದ ಚಕ್ರ ನುಂಗಿಕೊಳ್ಳುತ್ತದೆ. ಸೋನಿ ಕಂಪನಿ 1979ರ ಜುಲೈ 1ರಂದು ಜಪಾನಿನಲ್ಲಿ ವಾಕ್‌ಮನ್ ಬಿಡುಗಡೆ ಮಾಡಿದಾಗ ಕಷ್ಟ ಶುರುವಾಯಿತು. ಬೆಲೆ 33,000 ಯೆನ್, ಎರಡು ಪೆನ್ಸಿಲ್ ಸೆಲ್ಲು, ಸ್ಪೀಕರ್ ಇಲ್ಲ, ರೆಕಾರ್ಡಿಂಗ್ ಇಲ್ಲ. ಪತ್ರಕರ್ತರಿಗಾಗಿ ಅದೇ ಕಂಪನಿ ಮಾಡಿದ್ದ ಪುಟ್ಟ ರೆಕಾರ್ಡರಿನಿಂದ ದಾಖಲಿಸುವ ಭಾಗವನ್ನು ಕಿತ್ತು, ಸ್ಟೀರಿಯೊ ಮಂಡಲವನ್ನೂ ಹಗುರವಾದ ಹೆಡ್‌ಫೋನನ್ನೂ ಸೇರಿಸಿದ್ದರು. ಇಬ್ಬರು ಕೇಳಲೆಂದು ಎರಡು ಹೆಡ್‌ಫೋನ್ ಕಿಂಡಿ, ಹಾಡಿನ ಸದ್ದು ತಗ್ಗಿಸಿ ಪರಸ್ಪರ ಮಾತಾಡಲು ಒಂದು ಕಿತ್ತಳೆ ಗುಂಡಿಯೂ ಇತ್ತು.

ನಡೆಯುವಾಗ ಏನಾಗುತ್ತದೆ ನೋಡಿ. ಸೊಂಟಕ್ಕೆ ಸಿಕ್ಕಿಸಿದ ಪೆಟ್ಟಿಗೆ ಹೆಜ್ಜೆ ಹೆಜ್ಜೆಗೂ ತುಸು ತಿರುಗುತ್ತದೆ. ಫ್ಲೈವೀಲ್ ತನ್ನ ಜಡತ್ವದಿಂದ ಹಳೆಯ ವೇಗದಲ್ಲೇ ಉಳಿಯುತ್ತದೆ. ಪೆಟ್ಟಿಗೆ ತಿರುಗಿತು, ಚಕ್ರ ತಿರುಗಲಿಲ್ಲ; ಆದ್ದರಿಂದ ಪೆಟ್ಟಿಗೆಯ ಲೆಕ್ಕದಲ್ಲಿ ಚಕ್ರದ ವೇಗ ಬದಲಾಯಿತು, ಅದರೊಂದಿಗೆ ಸ್ವರ ತೊನೆಯಿತು. ಮೇಜಿನ ಮೇಲೆ ಕಾಪಾಡುತ್ತಿದ್ದ ಭಾರವೇ ರಸ್ತೆಯಲ್ಲಿ ಶತ್ರು! ಇದಕ್ಕೆ ಎಂಜಿನಿಯರುಗಳು ಕಂಡುಕೊಂಡ ಉತ್ತರ ಸೊಗಸಾದದ್ದು: ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ತಿರುಗುವ ಎರಡು ಚಕ್ರಗಳನ್ನು ಜೋಡಿಸಿದರೆ, ಪೆಟ್ಟಿಗೆ ತಿರುಗಿದಾಗ ಒಂದರ ತಪ್ಪನ್ನು ಇನ್ನೊಂದು ಸರಿದೂಗಿಸುತ್ತದೆ. ಕೆಲವು ದುಬಾರಿ ವಾಕ್‌ಮನ್‌ಗಳಲ್ಲಿ ಇದು ಬಂತು. ಅಗ್ಗದ ಯಂತ್ರಗಳಲ್ಲಿ ಬರಲಿಲ್ಲ. ಓಡುತ್ತಾ ಕೇಳಿದರೆ ವೀಣೆಯ ನಾದ ನಡುಗುತ್ತಿದ್ದುದು ಇದರಿಂದ.

ಮೂಲದಲ್ಲೇ ಈ ತೊಡಕನ್ನು ಬಿಡಿಸಿದ್ದು 1982ರಲ್ಲಿ ಬಂದ ಸಿಡಿ. ಸಿಡಿಯೂ ತಿರುಗುತ್ತದೆ, ಒಳಸುತ್ತಿನಲ್ಲಿ ನಿಮಿಷಕ್ಕೆ ಸುಮಾರು 500 ಸುತ್ತು, ಹೊರಸುತ್ತಿನಲ್ಲಿ ಸುಮಾರು 200. ಆದರೆ ಓದಿದ ಅಂಕಿಗಳು ನೇರವಾಗಿ ಕಿವಿಗೆ ಹೋಗುವುದಿಲ್ಲ. ಅವು ಮೊದಲು ಒಂದು ಚಿಕ್ಕ ಮೆಮೊರಿಗೆ ಬೀಳುತ್ತವೆ. ಅಲ್ಲಿಂದ ಅವನ್ನು ಸೆಕೆಂಡಿಗೆ 44,100ರಂತೆ ಎತ್ತಿಕೊಡುವುದು ಕ್ವಾರ್ಟ್ಜ್ ಹರಳಿನ ಗಡಿಯಾರ. ಟ್ಯಾಂಕಿಗೆ ನೀರು ಬಿಟ್ಟುಬಿಟ್ಟು ಬಂದರೂ ನಲ್ಲಿಯಲ್ಲಿ ಒಂದೇ ಧಾರೆ ಬರುವ ಹಾಗೆ. ಅಂದಿನಿಂದ ಸ್ವರ ತೊನೆಯುವ ಸಮಸ್ಯೆ ಮುಗಿಯಿತು. ಉಳಿದದ್ದು, ಜೋರಾಗಿ ಅಲುಗಿದಾಗ ಲೇಸರ್ ದಾರಿ ತಪ್ಪಿ ಟ್ಯಾಂಕೇ ಬರಿದಾಗುವುದು. ಸೋನಿಯ 1984ರ ಒಯ್ಯುವ ಸಿಡಿ ಯಂತ್ರ ಡಿಸ್ಕ್‌ಮನ್ ಬಸ್ಸಿನ ಕುಲುಕಿಗೆ ಹಾಡು ಹಾರಿಸುತ್ತಿತ್ತು. 1990ರ ದಶಕದ ಯಂತ್ರಗಳು ಡಿಸ್ಕನ್ನು ಇಮ್ಮಡಿ ವೇಗದಲ್ಲಿ ಓದಿ, 10 ಸೆಕೆಂಡಿನಷ್ಟು ಹಾಡನ್ನು ಮುಂಚಿತವಾಗಿ ತುಂಬಿಟ್ಟುಕೊಂಡವು.

ಎಂಪಿ3 ಆ ಟ್ಯಾಂಕನ್ನು ಅಗ್ಗವಾಗಿಸಿತು. ಸಿಡಿಯಲ್ಲಿ 4 ನಿಮಿಷದ ಹಾಡಿಗೆ ಸುಮಾರು 42 ಎಂಬಿ ಬೇಕು. ಕಿವಿಗೆ ಹೇಗೂ ಕೇಳಿಸದ, ಜೋರಾದ ಸ್ವರದ ಮರೆಯಲ್ಲಿ ಮುಚ್ಚಿಹೋಗುವ ವಿವರಗಳನ್ನು ಬಿಟ್ಟು, ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬರ್ಗ್ ಮತ್ತು ಸಂಗಡಿಗರು ಅದನ್ನು 4 ಎಂಬಿಗಿಂತ ಕೆಳಗಿಳಿಸಿದರು. 2001ರ ಐಪಾಡ್ ಒಳಗೆ 5 ಜಿಬಿಯ 1.8 ಇಂಚಿನ ತಿರುಗುವ ಹಾರ್ಡ್ ಡಿಸ್ಕ್ ಇತ್ತು, ಜೊತೆಗೆ 32 ಎಂಬಿ ಮೆಮೊರಿ. ಡಿಸ್ಕು ಕೆಲವು ಸೆಕೆಂಡು ತಿರುಗಿ 20 ನಿಮಿಷದಷ್ಟು ಹಾಡನ್ನು ಮೆಮೊರಿಗೆ ಸುರಿದು ಮಲಗಿಬಿಡುತ್ತಿತ್ತು. ಅಲುಗಾಟದ ಭಯವೂ ಇಲ್ಲ, ಬ್ಯಾಟರಿಯೂ ಉಳಿತಾಯ. ಆಮೇಲೆ ಫ್ಲಾಶ್ ಮೆಮೊರಿ ಬಂದು ತಿರುಗುವ ಭಾಗವೇ ಇಲ್ಲವಾಯಿತು. ಆದರೂ ಟ್ಯಾಂಕು ಹೋಗಿಲ್ಲ. ಬ್ಲೂಟೂತ್ ಇಯರ್‌ಬಡ್ ಹಾಕಿ ವಿಡಿಯೊ ನೋಡುವಾಗ ತುಟಿಗೂ ಮಾತಿಗೂ ತಾಳ ತಪ್ಪಿದರೆ, ಅದಕ್ಕೆ ಒಂದು ಮುಖ್ಯ ಕಾರಣ ಇಯರ್‌ಬಡ್ಡಿನೊಳಗೆ ತುಂಬಿ ನಿಂತ ಈ ಮುನ್ನೆಚ್ಚರಿಕೆಯ ಸಂಗ್ರಹ.

ಈಗ ಷೋಕೇಸಿನಲ್ಲಿ ಉಳಿದಿರುವ ಆ ತಾಳಮದ್ದಳೆ, ಹರಿಕಥೆ, ಅಜ್ಜಿಯ ಹಾಡಿನ ಕ್ಯಾಸೆಟ್ಟುಗಳ ಮಾತು. ಅವನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಮುಂದೂಡುವಂಥದ್ದಲ್ಲ. ಟೇಪಿನ ಅಂಟು, ಮೆತ್ತೆ, ಯಂತ್ರದ ರಬ್ಬರು ಎಲ್ಲವೂ ಮುಪ್ಪಾಗುತ್ತಿವೆ.

ಮೊದಲು ಕಿಟಕಿಯಿಂದ ರೀಲಿನ ಉಂಡೆಯನ್ನು ನೋಡಿ. ಮಲೆನಾಡು, ಕರಾವಳಿಯ ಮಳೆಗಾಲ ಕಂಡ ಕ್ಯಾಸೆಟ್ಟುಗಳಲ್ಲಿ ಅಂಚಿಗೆ ಬಿಳಿ ಪುಡಿಯಂತೆ ಬೂಷ್ಟು ಕೂತಿರುತ್ತದೆ. ಅದನ್ನು ಹಾಗೇ ಹಾಕಿದರೆ ಬೂಷ್ಟು ಹೆಡ್‌ಗೆ ಮೆತ್ತಿ, ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ಹರಡುತ್ತದೆ. ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಿದ ಡಬ್ಬಿಯಲ್ಲಿ ಕೆಲವು ದಿನ ಇಟ್ಟು ಒಣಗಿಸಿ. ಆಮೇಲೆ ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ನೂಲು ಬಿಡದ ಮೃದು ಬಟ್ಟೆಯ ನಡುವೆ ರೀಲನ್ನು ಹಾಯಿಸುತ್ತಾ ನಿಧಾನವಾಗಿ ಸುತ್ತಿ. ಮೆತ್ತೆ ಬಿದ್ದಿದ್ದರೆ, ಐದು ಸ್ಕ್ರೂ ಇರುವ ಬೇರೊಂದು ಕ್ಯಾಸೆಟ್ಟಿನ ಖೋಲಿಗೆ ಎರಡೂ ಉಂಡೆಗಳನ್ನು ವರ್ಗಾಯಿಸುವುದು ಅಂಟು ಹಾಕುವುದಕ್ಕಿಂತ ಸುರಕ್ಷಿತ. ತುಂಡಾದ ರೀಲಿಗೆ ಸೆಲ್ಲೊಟೇಪ್ ಹಚ್ಚಲೇಬೇಡಿ. ಅದರ ಗೋಂದು ಪಕ್ಕದ ಸುತ್ತುಗಳಿಗೆ ಜಿನುಗುತ್ತದೆ. ಇದಕ್ಕೆಂದೇ ಇರುವ ಸ್ಪ್ಲೈಸಿಂಗ್ ಟೇಪ್ ಸಿಗುತ್ತದೆ. ಹಿಂಬದಿಯ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿದುಬಿಡಿ, ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಸಿಹೋಗುವುದಿಲ್ಲ.

ಯಂತ್ರ ರೀಲು ನುಂಗುವುದೇಕೆ? ಕ್ಯಾಪ್‌ಸ್ಟನ್ ರೀಲನ್ನು ಹೊರಗೆ ತಳ್ಳುತ್ತಲೇ ಇರುತ್ತದೆ, ಆದರೆ ಬೆಲ್ಟು ಸಡಿಲವಾಗಿ ಸುತ್ತಿಕೊಳ್ಳುವ ಚಕ್ರ ನಿಂತಿರುತ್ತದೆ. ಹೋಗಲು ಜಾಗವಿಲ್ಲದ ರೀಲು ಪಿಂಚ್ ರೋಲರಿಗೆ ಸುತ್ತಿಕೊಳ್ಳುತ್ತದೆ. ಹಳೆಯ ಬೆಲ್ಟಿನ ಒಳಸುತ್ತನ್ನು ದಾರದಿಂದ ಅಳೆದು, ಅದಕ್ಕಿಂತ ಶೇ 5ರಷ್ಟು ಚಿಕ್ಕದನ್ನು ಹಾಕಿ, ಏಕೆಂದರೆ ಹಳೆಯದು ಆಗಲೇ ಹಿಗ್ಗಿರುತ್ತದೆ. ಕೆಲವು ಬೆಲ್ಟು ಡಾಂಬರಿನಂತೆ ಕರಗಿ ಅಂಟಿರುತ್ತದೆ. ಅದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಪೂರ್ತಿ ಒರೆಸದೆ ಹೊಸದನ್ನು ಹಾಕಿದರೆ ವೇಗ ಕುಂಟುತ್ತದೆ. ಹೆಡ್ಡು ಮತ್ತು ಕ್ಯಾಪ್‌ಸ್ಟನ್ನಿಗೂ ಅದೇ ಆಲ್ಕೊಹಾಲು, ಹತ್ತಿ ಕಡ್ಡಿಯಲ್ಲಿ. ಕೈಗೆ ಹಾಕುವ ಸ್ಯಾನಿಟೈಸರ್ ಬೇಡ, ಅದರಲ್ಲಿರುವ ಗ್ಲಿಸರಿನ್ ಪೊರೆ ಬಿಡುತ್ತದೆ. ಎಲ್ಲ ಆದಮೇಲೆ ಬೇಡದ ಕ್ಯಾಸೆಟ್ಟೊಂದನ್ನು ಹಾಕಿ ಒಂದು ಮಗ್ಗುಲು ಪೂರ್ತಿ ಓಡಿಸಿ ನೋಡಿ.

ಅತಿ ಹೆಚ್ಚು ಲಾಭ ಕೊಡುವ, ಅತಿ ಕಡಿಮೆ ಜನ ಮಾಡುವ ಕೆಲಸ ಹೆಡ್ಡಿನ ವಾಲಿಕೆ ಸರಿಪಡಿಸುವುದು. ಮೊದಲು ರೆಕಾರ್ಡ್ ಮಾಡಿದ ಯಂತ್ರದ ಹೆಡ್ ಎಷ್ಟು ವಾಲಿತ್ತೋ ಆ ವಾಲಿಕೆಯೇ ಟೇಪಿನ ಮೇಲೆ ಅಚ್ಚಾಗಿರುತ್ತದೆ. ನಿಮ್ಮ ಹೆಡ್ ಅದಕ್ಕಿಂತ ಕಾಲು ಡಿಗ್ರಿ ವ್ಯತ್ಯಾಸವಾದರೂ, 0.6 ಮಿಲಿಮೀಟರ್ ಅಗಲದ ಜಾಡಿನ ಮೇಲಂಚಿಗೂ ಕೆಳಂಚಿಗೂ 2.6 ಮೈಕ್ರಾನ್ ಅಂತರ ಬೀಳುತ್ತದೆ. 10,000 ಹರ್ಟ್ಸ್ ಅಲೆಯ ಅರ್ಧಕ್ಕಿಂತ ಅದು ಹೆಚ್ಚು. ಅಲೆಯ ಏರು ಇಳಿವು ಒಂದನ್ನೊಂದು ಭಾಗಶಃ ಹೊಡೆದುಹಾಕುತ್ತವೆ. ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಪುಟ್ಟ ಸ್ಕ್ರೂ ಇದೆ. ಕ್ಯಾಸೆಟ್ಟು ಹಾಡುತ್ತಿರುವಾಗಲೇ ಅದನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಿ. ಕಾಲು ಸುತ್ತಿಗಿಂತ ಹೆಚ್ಚು ಬೇಡ. ಚಕ್ರತಾಳದ ಕಿಣಿಕಿಣಿ, ಮಾತಿನ ‘ಸ’ಕಾರ ಎಲ್ಲಿ ಅತಿ ಸ್ಪಷ್ಟವಾಗಿ ಕೇಳುತ್ತದೋ ಅಲ್ಲಿ ನಿಲ್ಲಿಸಿ. ಪ್ರತಿ ಕ್ಯಾಸೆಟ್ಟಿಗೂ ಹೊಸದಾಗಿ ಮಾಡಬೇಕು.

ಟೇಪನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸಿ. ಅಂಟಿಕೊಂಡ ಸುತ್ತುಗಳು ಬಿಡುತ್ತವೆ. ಡೆಕ್ಕಿನ, ಅಂದರೆ ಟೇಪ್ ಯಂತ್ರದ, ಲೈನ್-ಔಟ್‌ನಿಂದ ಕಂಪ್ಯೂಟರಿನ ನೀಲಿ ಲೈನ್-ಇನ್ ಕಿಂಡಿಗೆ ತಂತಿ ಕೊಡಿ. ಗುಲಾಬಿ ಬಣ್ಣದ ಮೈಕ್ ಕಿಂಡಿಗೆ ಕೊಟ್ಟರೆ ಸದ್ದು ಒಡೆಯುತ್ತದೆ. ಲ್ಯಾಪ್‌ಟಾಪಿನಲ್ಲಿ ಲೈನ್-ಇನ್ ಇಲ್ಲದಿದ್ದರೆ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಬೇಕಾಗುತ್ತದೆ. ಲೈನ್-ಔಟ್ ಇಲ್ಲದ ಟೂ-ಇನ್-ಒನ್ ಆದರೆ ಹೆಡ್‌ಫೋನ್ ಕಿಂಡಿಯೇ ಸಾಕು, ವಾಲ್ಯೂಮ್ ನಡುವೆ ಇರಲಿ. ಉಚಿತವಾಗಿ ಸಿಗುವ ಆಡಾಸಿಟಿ ಎಂಬ ತಂತ್ರಾಂಶದಲ್ಲಿ 44,100 ಹರ್ಟ್ಸ್, 24 ಬಿಟ್ ಆಯ್ದು, ಅತಿ ಜೋರಿನ ಚೆಂಡೆಯ ಪೆಟ್ಟು ಮೈನಸ್ 6 ಡೆಸಿಬೆಲ್ ದಾಟದಂತೆ ಮಟ್ಟ ಇಡಿ. ಒಂದು ಗಂಟೆಗೆ ಸುಮಾರು 950 ಎಂಬಿ ಆಗುತ್ತದೆ. ಫ್ಲಾಕ್ (FLAC) ಎಂಬ ಕಡತ ರೂಪದಲ್ಲಿ ಉಳಿಸಿದರೆ ಏನೂ ನಷ್ಟವಿಲ್ಲದೆ ಬಹಳಷ್ಟು ಜಾಗ ಉಳಿಯುತ್ತದೆ. ಸದ್ದು ತೆಗೆಯುವ ಫಿಲ್ಟರುಗಳನ್ನು ಈ ಮೂಲ ಪ್ರತಿಗೆ ಹಾಕಬೇಡಿ, ಹಂಚುವ ಎಂಪಿ3 ಪ್ರತಿಗೆ ಬೇಕಾದರೆ ಹಾಕಿ.

ವೇಗ ಸರಿಯಿತ್ತೇ ಎಂದು ತಿಳಿಯಲು ಒಂದು ಉಪಾಯವಿದೆ. ಕರೆಂಟಿನಲ್ಲಿ ನಡೆದ ಮೈಕು, ಯಂತ್ರಗಳ ‘ಗುಂಯ್’ ಸದ್ದು ಹಳೆಯ ರೆಕಾರ್ಡಿಂಗ್‌ನಲ್ಲಿ ಸಣ್ಣಗೆ ಸೇರಿರುತ್ತದೆ. ಮಾತಿಲ್ಲದ ಭಾಗವನ್ನು ಆಯ್ದು ಆಡಾಸಿಟಿಯ ಸ್ಪೆಕ್ಟ್ರಮ್ ಚಿತ್ರ ನೋಡಿದರೆ ಅದು ನಮ್ಮ ಕರೆಂಟಿನ ಕಂಪನವಾದ 50 ಹರ್ಟ್ಸ್ ಬಳಿ ಕಾಣಬೇಕು. 51.5ರಲ್ಲಿ ಕಂಡರೆ ಟೇಪು ಶೇ 3ರಷ್ಟು ಬೇಗ ಓಡುತ್ತಿದೆ. ಆದರೆ ನಿಮ್ಮ ಡೆಕ್ಕಿನ ಗುಂಯ್‌ ಕೂಡ ಅಲ್ಲೇ ಬೀಳುತ್ತದೆ, ಆದ್ದರಿಂದ ಮೊದಲು ಖಾಲಿ ಕ್ಯಾಸೆಟ್ಟು ಓಡಿಸಿ ಅದನ್ನು ಗುರುತಿಸಿಕೊಳ್ಳಿ. ಯಂತ್ರವನ್ನು ಬ್ಯಾಟರಿ ಸೆಲ್ಲಿನಲ್ಲಿ ನಡೆಸಿದರೆ ಇನ್ನೂ ಒಳ್ಳೆಯದು. ಆಗಿನ ಕರೆಂಟೂ ಏರಿಳಿಯುತ್ತಿದ್ದುದರಿಂದ ಭಾಗವತರ ಶ್ರುತಿ ಬಲ್ಲವರೊಬ್ಬರನ್ನು ಕೂರಿಸಿಕೊಂಡು, ಹಾರ್ಮೋನಿಯಂ ಇಟ್ಟು ತಾಳೆ ನೋಡಿದರೆ ಖಚಿತ. ಹೆಚ್ಚಿನ ಮೋಟಾರುಗಳ ಬೆನ್ನಿನಲ್ಲಿ ಸೂಜಿ ಹೋಗುವಷ್ಟು ತೂತಿದ್ದು, ಒಳಗಿನ ತಿರುಪನ್ನು ಪ್ಲಾಸ್ಟಿಕ್ ತುದಿಯ ಸ್ಕ್ರೂಡ್ರೈವರಿನಿಂದ ಒಂದಿಷ್ಟೇ ತಿರುಗಿಸಿದರೆ ವೇಗ ಸರಿಹೋಗುತ್ತದೆ. ಆಮೇಲೆ ಕ್ಯಾಸೆಟ್ಟನ್ನು ಮೊದಲಿನಿಂದ ಇನ್ನೊಮ್ಮೆ ತುಂಬಿಕೊಳ್ಳಿ.