ವಿದೇಶಕ್ಕೆ ಹೊರಟ ಪಾರ್ಸೆಲ್ಲನ್ನು ದಾರಿಯಲ್ಲಿ ಬಿಚ್ಚುತ್ತಾರೆಯೆ?

‘ಸಾರ್, ದಾರೀಲಿ ಯಾರೂ ಬಿಚ್ಚಲ್ಲ ತಾನೆ?’ ಚಿಂತಾಮಣಿಯ ಅಂಚೆ ಕೌಂಟರಿನಲ್ಲಿ ಕೂತ ನನಗೆ, ವಿದೇಶದಲ್ಲಿರುವ ಮಕ್ಕಳಿಗೆ ಪೊಟ್ಟಣ ಕಳಿಸಲು ಬರುವವರಿಂದ ಇದು ದಿನನಿತ್ಯದ ಪ್ರಶ್ನೆ. ‘ಬಿಚ್ಚಬಹುದಮ್ಮ’ ಎಂದೇ ಹೇಳುತ್ತೇನೆ. ಸುಳ್ಳು ಧೈರ್ಯ ತುಂಬಿ ಕಳಿಸಲು ಮನಸ್ಸು ಬರುವುದಿಲ್ಲ.

ನಮ್ಮ ಕಸ್ಟಮ್ಸ್‌ನವರಿಗೂ, ತಲುಪುವ ದೇಶದ ಕಸ್ಟಮ್ಸ್‌ನವರಿಗೂ ಅನುಮಾನ ಬಂದರೆ ತೆರೆದು ನೋಡುವ ಅಧಿಕಾರವಿದೆ. ನೋಡಿ, ಮತ್ತೆ ಟೇಪ್ ಹಚ್ಚಿ ಕಳಿಸುತ್ತಾರೆ. ಹಾಗಾಗಿ ಟೇಪ್ ಬದಲಾಗಿದೆ ಎಂದಾಕ್ಷಣ ಕಳವಾಯಿತೆಂದು ಗಾಬರಿಯಾಗಬೇಡಿ. ಒಳಗಿನ ಸಾಮಾನನ್ನು, ಏನೇನಿದೆ ಎಂದು ನೀವು ಬರೆದುಕೊಡುವ ಕಸ್ಟಮ್ಸ್ ಫಾರಂ ಜೊತೆ ತಾಳೆ ಹಾಕಿ ನೋಡಲು ಮಕ್ಕಳಿಗೆ ಹೇಳಿ.

ಆ ಫಾರಂ ಹೆಸರು ಸಿಎನ್ 22. ಬೆಲೆ ಹೆಚ್ಚಿದ್ದರೆ ಸಿಎನ್ 23. ‘ಗಿಫ್ಟ್’ ಎಂದು ಒಂದೇ ಪದ ಗೀಚಿದರೆ ಅನುಮಾನವನ್ನು ನಾವೇ ಕರೆದಂತೆ. ‘ಚಟ್ನಿಪುಡಿ, ಅರ್ಧ ಕೆಜಿ’, ‘ಹತ್ತಿ ಲಂಗ, ಎರಡು’ ಎಂದು ಬಿಡಿಸಿ ಬರೆಯಿರಿ, ಬೆಲೆಯನ್ನೂ ನಿಜವಾಗಿ ಹಾಕಿ.

ಒಮ್ಮೆ ಒಬ್ಬ ತಾಯಿ ಮಗಳ ಸೀಮಂತಕ್ಕೆಂದು ರೇಷ್ಮೆ ಸೀರೆ ತಂದಿದ್ದರು. ಮಡಿಕೆಯೊಳಗೆ ಗಟ್ಟಿಯಾಗಿ ಏನೋ ಕೈಗೆ ತಗುಲಿತು. ಅರಿಶಿನ ಹಚ್ಚಿದ ಬಟ್ಟೆಯಲ್ಲಿ ಕಟ್ಟಿದ ಚಿನ್ನದ ಓಲೆ! ‘ಬರೆದರೆ ಕಳ್ಳರಿಗೆ ಗೊತ್ತಾಗುತ್ತಲ್ಲಪ್ಪಾ’ ಎಂದರು. ಅವರ ಭಯ ನನಗೆ ಅರ್ಥವಾಯಿತು. ಆದರೆ ಚಿನ್ನ, ನೋಟು ಸಾಮಾನ್ಯ ಪೊಟ್ಟಣದಲ್ಲಿ ಹೋಗುವಂತಿಲ್ಲ. ಬಚ್ಚಿಟ್ಟದ್ದು ಸಿಕ್ಕಿದರೆ ಮುಟ್ಟುಗೋಲು, ಕಳೆದರೆ ಪರಿಹಾರ ಕೇಳಲು ಬಾಯಿಲ್ಲ. ಕೊನೆಗೆ ಓಲೆಯನ್ನು ಸೆರಗಿಗೆ ಗಂಟು ಹಾಕಿಕೊಂಡು, ಸೀರೆ ಮಾತ್ರ ಕಳಿಸಿದರು. ಸೆಂಟಿನ ಬಾಟಲಿ, ಪವರ್ ಬ್ಯಾಂಕ್ ಕೂಡ ಬೇಡ. ಅವು ವಿಮಾನಕ್ಕೆ ಬೆಂಕಿಯ ಅಪಾಯ.

ರಸೀದಿಯಲ್ಲಿ ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ‘ಐಎನ್’ ಎಂಬ ಸಂಖ್ಯೆ ಇರುತ್ತದೆ. ಒಂಬತ್ತನೆಯ ಅಂಕಿ ತಪಾಸಣೆಗೆಂದೇ ಇರುವುದು: ಅದಕ್ಕೆ ಮೊದಲಿನ ಎಂಟರಲ್ಲಿ ಒಂದನ್ನು ತಪ್ಪಾಗಿ ಒತ್ತಿದರೂ ಕಂಪ್ಯೂಟರ್ ಸಾಮಾನ್ಯವಾಗಿ ಹಿಡಿಯುತ್ತದೆ. ವಿಶ್ವ ಅಂಚೆ ಒಕ್ಕೂಟ ಗೊತ್ತುಮಾಡಿದ ಮಾದರಿ ಇದು. 1874ರಲ್ಲಿ ಹುಟ್ಟಿದ ಆ ಒಕ್ಕೂಟಕ್ಕೆ ಭಾರತ ಸೇರಿದ್ದು 1876ರಲ್ಲಿ. ನಮ್ಮ ಗಡಿ ದಾಟಿದ ಮೇಲೆ ಅದೇ ಸಂಖ್ಯೆಯನ್ನು ಆ ದೇಶದ ಅಂಚೆ ಜಾಲತಾಣದಲ್ಲಿ ಹಾಕಿ ಹುಡುಕಬಹುದು.

ಅದಕ್ಕಿಂತ ಮುಖ್ಯವಾದದ್ದನ್ನು ಜನ ನೋಡುವುದೇ ಇಲ್ಲ. ರಸೀದಿಯಲ್ಲಿ ಗ್ರಾಂ ಲೆಕ್ಕದ ತೂಕ ಅಚ್ಚಾಗಿರುತ್ತದೆ. ಪೊಟ್ಟಣ ಹರಿದು ಬಂದಿದ್ದರೆ ಸಹಿ ಮಾಡುವ ಮುಂಚೆ ಅಲ್ಲಿಯೇ ತೂಗಿಸಿ, ಕಡಿಮೆಯಿದ್ದರೆ ಬರೆಸಿಕೊಳ್ಳಲು ಮಕ್ಕಳಿಗೆ ಹೇಳಿ. ದೂರಿಗೆ ಬಲ ಬರುವುದು ಆ ಬರಹದಿಂದ. ರಸೀದಿಯ ಅಕ್ಷರ ಕೆಲವು ತಿಂಗಳಲ್ಲೇ ಮಾಸುತ್ತದೆ. ಕೌಂಟರ್ ಬಿಡುವ ಮುಂಚೆಯೇ ಫೋಟೊ ತೆಗೆದು ಅವರಿಗೆ ವಾಟ್ಸಾಪ್ ಮಾಡಿಬಿಡಿ.