ಆರ್ಕ್ಯಾಟ್ಸ್: ಟಿಕೆಟ್ ಒಂದೇ, ದುಡ್ಡು ಯಾವ ಕಂಪನಿಗೆ?

ಲಂಡನ್‌ನಿಂದ ಬರ್ಮಿಂಗ್‌ಹ್ಯಾಮ್‌ಗೆ ಮೂರು ಕಂಪನಿಗಳ ರೈಲು ಓಡುತ್ತವೆ. ಯೂಸ್ಟನ್ ಸ್ಟೇಷನ್‌ನಿಂದ ಅವಾಂಟಿ ಮತ್ತು ಲಂಡನ್ ನಾರ್ತ್‌ವೆಸ್ಟರ್ನ್, ಮೇರಿಲ್‌ಬೋನ್‌ನಿಂದ ಚಿಲ್ಟರ್ನ್. 'ಎನಿ ಪರ್ಮಿಟೆಡ್' ಅನ್ನುವ ಟಿಕೆಟ್ ತಗೊಂಡರೆ ಮೂರರಲ್ಲಿ ಯಾವುದನ್ನಾದರೂ ಹತ್ತಬಹುದು. ಆದರೆ ನೀವು ಕೊನೆಗೆ ಯಾವ ರೈಲು ಹತ್ತಿದಿರಿ ಅಂತ ಆ ಟಿಕೆಟ್ ಹೇಳುವುದಿಲ್ಲ, ಅಲ್ವಾ? ಹಾಗಾದರೆ ದುಡ್ಡು ಹಂಚುವುದು ಹೇಗೆ?

ಅದಕ್ಕೇ ಆರ್ಕ್ಯಾಟ್ಸ್ ಇರುವುದು. ಪೂರ್ತಿ ಹೆಸರು ಆಪರೇಷನಲ್ ರಿಸರ್ಚ್ ಕಂಪ್ಯೂಟರೈಸ್ಡ್ ಅಲೊಕೇಷನ್ ಆಫ್ ಟಿಕೆಟ್ಸ್ ಟು ಸರ್ವಿಸಸ್. ಇದು ಸರ್ಕಾರಿ ಸಂಸ್ಥೆ ಬ್ರಿಟಿಷ್ ರೈಲ್ ರೈಲು ಓಡಿಸುತ್ತಿದ್ದ ಕಾಲದ ವ್ಯವಸ್ಥೆ. 1993ರ ಕಾನೂನಿನಿಂದ ರೈಲು ಓಡಿಸುವ ಕೆಲಸ ಖಾಸಗಿ ಕಂಪನಿಗಳಿಗೆ ಹೋದ ಮೇಲೆ ಇದರ ಲೆಕ್ಕಕ್ಕೆ ನಿಜವಾದ ತೂಕ ಬಂತು.

ಆರ್ಕ್ಯಾಟ್ಸ್ ಪ್ರಯಾಣಿಕರ ತಲೆ ಎಣಿಸುವುದಿಲ್ಲ, ವೇಳಾಪಟ್ಟಿ ಓದುತ್ತದೆ. ದಿನದ ಯಾವ ಹೊತ್ತಿನಲ್ಲಿ ಎಷ್ಟು ಜನ ಹೊರಡಬಹುದು, ಯಾವ ರೈಲು ಬೇಗ ತಲುಪುತ್ತದೆ, ಎಲ್ಲಿ ಇಳಿದು ಬದಲಾಯಿಸಬೇಕು ಅಂತೆಲ್ಲ ನೋಡಿ, ಜನ ಯಾವ ರೈಲನ್ನು ಆರಿಸಬಹುದು ಎಂದು ಅಂದಾಜಿಸಿ ಪಾಲು ಹಾಕುತ್ತದೆ. ಒಂದೇ ರೈಲಿಗೆ ಕಟ್ಟಿಹಾಕಿದ ಅಡ್ವಾನ್ಸ್ ಟಿಕೆಟ್‌ಗೆ ಈ ಲೆಕ್ಕ ಬೇಕಿಲ್ಲ, ಆ ದುಡ್ಡು ನೇರವಾಗಿ ಆ ಕಂಪನಿಗೇ ಹೋಗುತ್ತದೆ.

ಪಾಲು ನಿಂತಿರುವುದು ವೇಳಾಪಟ್ಟಿಯ ಮೇಲೆ, ಹಾಗಾಗಿ ವೇಳಾಪಟ್ಟಿಯನ್ನೇ ಆಯುಧ ಮಾಡಿಕೊಳ್ಳಬಹುದು. ಬೇರೆಯವರ ಜನಪ್ರಿಯ ಮಾರ್ಗದಲ್ಲಿ, ಅವರ ರೈಲಿಗಿಂತ ಸ್ವಲ್ಪ ಮುಂಚೆ ಹೊರಡುವಂತೆ ಒಂದು ರೈಲು ಓಡಿಸಿದರೆ ಸಾಕು, ಅದರಲ್ಲಿ ಹೆಚ್ಚು ಜನ ಹತ್ತದಿದ್ದರೂ ಅಲ್ಲಿನ ಟಿಕೆಟ್ ಹಣದಲ್ಲಿ ಒಂದು ಪಾಲು ಸಿಗುತ್ತದೆ. ಇದಕ್ಕೆ ರೈಲು ವಲಯದವರು 'ಆರ್ಕ್ಯಾಟ್ಸ್ ರೇಡ್' ಅಂತಲೇ ಹೆಸರಿಟ್ಟಿದ್ದಾರೆ. ಹೊಸ ಪ್ರಯಾಣಿಕರನ್ನು ತರದೆ ಇದ್ದ ದುಡ್ಡನ್ನೇ ಎಳೆದುಕೊಳ್ಳುವುದು ಪೈಪೋಟಿ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ಅಲ್ಲಿನ ನಿಯಂತ್ರಕ ಸಂಸ್ಥೆಗೂ ಈ ಚಿಂತೆ ಇದೆ. ಸರ್ಕಾರದ ಗುತ್ತಿಗೆಯಿಲ್ಲದೆ ಸ್ವಂತ ಖರ್ಚಿನಲ್ಲಿ ರೈಲು ಓಡಿಸಲು ಬರುವ ಕಂಪನಿ, ಹಳಬರಿಂದ ಕಿತ್ತುಕೊಳ್ಳುವ ಪ್ರತಿ 1 ಪೌಂಡ್‌ಗೆ ಕನಿಷ್ಠ 30 ಪೆನ್ಸ್ ಹೊಸ ಆದಾಯ ತರುತ್ತದೆಯೇ ಎಂದು ಅದು ಪರೀಕ್ಷಿಸುತ್ತದೆ.

ಹಾಗಂತ ಆರ್ಕ್ಯಾಟ್ಸ್ ಬೇಡ ಅನ್ನಲಾಗದು. ಇಂಥ ಹಂಚಿಕೆ ಇಲ್ಲದಿದ್ದರೆ ಪ್ರತಿ ಕಂಪನಿಗೂ ಬೇರೆ ಟಿಕೆಟ್ ಕೊಳ್ಳಬೇಕಾಗುತ್ತಿತ್ತು. ಸಿಕ್ಕಿದ ರೈಲು ಹತ್ತುವ ಸ್ವಾತಂತ್ರ್ಯಕ್ಕಾಗಿ ಅಂದಾಜಿನ ಲೆಕ್ಕವನ್ನು ಸಹಿಸಿಕೊಳ್ಳಬಹುದು.

2024ರಲ್ಲಿ ಬಂದ ಕಾನೂನಿನಂತೆ ಬ್ರಿಟನ್ ಈಗ ಗುತ್ತಿಗೆಯ ರೈಲುಗಳನ್ನು ಒಂದೊಂದಾಗಿ ಸರ್ಕಾರದ ಕೈಗೆ ತಗೊಳ್ಳುತ್ತಿದೆ. ಆದರೆ ಗುತ್ತಿಗೆಯಿಲ್ಲದೆ ಸ್ವಂತ ಖರ್ಚಿನಲ್ಲಿ ರೈಲು ಓಡಿಸುವ ಲುಮೊ, ಹಲ್ ಟ್ರೇನ್ಸ್, ಗ್ರ್ಯಾಂಡ್ ಸೆಂಟ್ರಲ್‌ನಂಥ ಕಂಪನಿಗಳು ಆ ಕಾನೂನಿನ ಹೊರಗಿವೆ.